ಒರೆಸಿದ್ದು

ಮಾಪ್ಸಾದಲ್ಲಿ ನನ್ನ ಅಂಗಡಿ, ಮೀನು ಮಾರ್ಕೆಟ್ಟಿನ ಮಗ್ಗುಲಿಗೆ.
ಹಗಲೆಲ್ಲ ಪಾಸ್‌ಪೋರ್ಟ್ ಫೋಟೋ:
ಗದ್ದ ಎತ್ತಿ, ಕಿವಿ ಕಾಣಲಿ, ನಗಬೇಡಿ.
ಪೋರ್ಚುಗಲ್ಲಿಗೆ ಹೊರಟವರ ನಗದ ಮುಖಗಳನ್ನು
ಎಂಟೆಂಟಾಗಿ ಕತ್ತರಿಸಿ ಲಕೋಟೆಗೆ ಹಾಕುತ್ತೇನೆ.
ಅದು ಅನ್ನ.

ಉಳಿದದ್ದು ಬೆಳಗಿನ ನಾಲ್ಕೂವರೆಗೆ.
ಸ್ಕೂಟರಿನ ಕಾಲಬಳಿ ಟ್ರೈಪಾಡು, ಹೆಗಲಿಗೆ ಚೀಲ,
ಶಾಪೋರಾ ಹೊಳೆಯ ದಂಡೆಗೆ, ಉಪ್ಪಿನ ಆಗರಕ್ಕೆ.
ಒಂಬತ್ತು ವರ್ಷ ಅದೇ ಏರಿ, ಅದೇ ತೂಬು,
ಅದೇ ಜಾಗದಲ್ಲಿ ಊರಿದ ಮೂರು ಕಾಲು.
ಟ್ರೈಪಾಡಿನ ಗುಳಿಯಲ್ಲಿ ಏಡಿಯೊಂದು ಮನೆ ಮಾಡಿಕೊಂಡು
ನನಗೇ ಕೊಂಬು ತೋರಿಸುವಷ್ಟು ಬಳಕೆ.

ಬೆಳಕು ಕರೆದಾಗ ಬರುವುದಿಲ್ಲ.
ಬಂದರೂ, ಹಳೆಯ ಸಾಲ ತೀರಿಸಲು ಬಂದವನಂತೆ
ಬಾಗಿಲಲ್ಲೇ ನಿಂತು, ಎಣಿಸಿಕೋ ಎಂದು ಕೊಟ್ಟು,
ಚಪ್ಪಲಿ ಬಿಡದೆ ಹೊರಟುಬಿಡುತ್ತದೆ.

ಮೊದಲು ಗದ್ದೆಯ ಮೂಲೆಯಲ್ಲಿ ಹೆಪ್ಪು, ಹಾಲಿನ ಕೆನೆಯಂಥದು.
ಅದರಾಚೆ ಮೆಟ್ಟುಗಾಲು ಹಕ್ಕಿ:
ಎರಡು ಕೆಂಪು ಕಡ್ಡಿಗಳ ಮೇಲೆ ನಿಲ್ಲಿಸಿದ ಅನುಮಾನ.
ಉಸಿರು ಹಿಡಿದು ಒತ್ತುತ್ತೇನೆ.
ಹೆಚ್ಚಿನ ದಿನ ಹಕ್ಕಿ ಅಲುಗಿರುತ್ತದೆ, ಇಲ್ಲವೇ ನಾನು.

ರಾತ್ರಿ, ಪರದೆಯ ಮುಂದೆ ಕೂತು
ಲೈಟುಕಂಬ ಒರೆಸಿದೆ.
ತಂತಿ ಒರೆಸಿದೆ, ತಂತಿಯ ಮೇಲಿನ ಕಾಗೆಯನ್ನೂ.
ಏರಿಗೆ ಸಿಕ್ಕ ಬಿಯರ್ ಬಾಟಲಿ, ನೀಲಿ ತಾಡಪಾಲು,
ದೂರದಲ್ಲಿ ಕೆಮ್ಮಣ್ಣು ಸುರಿಯುತ್ತಿದ್ದ ಟಿಪ್ಪರು
(ಚಿತ್ರದಲ್ಲಿ ಅದು ಇರುವೆಗಿಂತ ತುಸು ದೊಡ್ಡದು)
ಪಕ್ಕದ ನೀರನ್ನೇ ಎತ್ತಿ
ಆ ಜಾಗಕ್ಕೆ ತುಂಬಿದೆ.
ಕ್ಯಾಲೆಂಡರಿನವನು ಬೆರಗಾದ: ಎಷ್ಟು ಶುದ್ಧ ಜಾಗ!
ಮಾರ್ಚ್ ತಿಂಗಳಿಗೆ ನಾಲ್ಕು ಸಾವಿರ ಕೊಟ್ಟ.

ಕಳೆದ ಶುಕ್ರವಾರ, ಸಂತೆಯ ಗದ್ದಲದಲ್ಲಿ,
ಬುದವಂತ ಆಗೇರ ಅಂಗಡಿಗೆ ಬಂದ.
ಗೋಕರ್ಣದ ಕಡೆಯವನು. ಮೂವತ್ತು ಬೇಸಿಗೆ
ಆ ಆಗರದ ನೆಲ ತುಳಿದು ಹದ ಮಾಡಿದ ಕಾಲು,
ಹಿಮ್ಮಡಿಯ ಬಿರುಕಿನಲ್ಲಿ ಬಿಳಿ.
ನನ್ನ ಎಷ್ಟು ಚಿತ್ರಗಳ ಅಂಚಿನಲ್ಲಿ ಅವನಿದ್ದನೋ,
ಎಷ್ಟರಿಂದ ಕತ್ತರಿಸಿದ್ದೆನೋ.
ಕೂರು ಅಂದರೆ ಕೂರಲಿಲ್ಲ.

"ನೀವು ನಮ್ಮ ಬದಿ ಮಾತೇ ಆಡ್ತ್ರಿ, ಅದ್ಕೇ ಬಂದೆ.
ಮೂಡ ಬದಿ ಮೂರು ಗದ್ದಿ ಮುಚ್ಚಿದ್ರು.
ಅಲ್ಲಿ ಆಗರ್ವೇ ಇರ್ಲಿಲ್ಲ ಹೇಳ್ತ್ರು ಈಗ, ಮೊದ್ಲಿಂದ್ಲೂ ಒಣ ನೆಲವಂತೆ.
ಭಾಟ್ಕಾರ ಮಾಮ್ಲೇದಾರ್ರ ಹತ್ರ ಹೋಗಿದ್ದಾರೆ.
ಮಣ್ಣು ಹಾಕೂ ಫೋಟ
ನಿಮ್ಮತ್ರ ಇರೂಕೇ ಬೇಕು."

ತೆರೆದೆ. ಒಂಬತ್ತು ವರ್ಷ.
ತುಂಬಿದ ನೀರು, ಮುತ್ತಿನ ಮೋಡ, ಒಂದಾದರೂ ಕಂಬವಿಲ್ಲ.
ಯಾರೂ ಎಲ್ಲೂ ಮಣ್ಣು ಸುರಿದಿಲ್ಲ.
ಬುದವಂತ ಬಗ್ಗಿ, ಬೆರಳು ತಾಗಿಸದೆ, ನೋಡಿದ.
"ಚಂದ ಅದೆ," ಅಂದ.
ಆಮೇಲೆ, ತಪ್ಪು ತನ್ನದೇ ಎಂಬ ಧ್ವನಿಯಲ್ಲಿ:
"ಆದ್ರೆ ಇದು ಕಾಯ್ಸೂ ಗದ್ದಿ ನೀರು.
ಹೆಪ್ಪಾಗೂ ಗದ್ದೀಲಿ ಈ ಬಣ್ಣ ಬತ್ತಿಲ್ಲ.
ಇದು ಇಲ್ಲಿಗೆ ಹೆಂಗೆ ಬಂತು?"

ಫ್ಯಾನು ತಿರುಗುತ್ತಿತ್ತು.
ಅಸಲಿ ಇರಲಿಲ್ಲ. ಕಾರ್ಡು ಅಳಿಸಿ, ಅದರ ಮೇಲೆ
ಯಾರದೋ ಮದುವೆ ತೆಗೆದಿದ್ದೆ.
ಕೆಟ್ಟವುಗಳ ಫೋಲ್ಡರಿನಲ್ಲಿ ಒಂದೇ ಒಂದು ಸಿಕ್ಕಿತು,
ನನ್ನ ಕೈ ನಡುಗಿದ್ದು: ಎಲ್ಲ ಕಲಸಿದೆ,
ಬಲಕ್ಕೊಂದು ಕೆಂಪು ಗೀರು.
ಟಿಪ್ಪರು ಅಂದರೆ ಟಿಪ್ಪರು, ಸೂರ್ಯ ಅಂದರೆ ಸೂರ್ಯ.
"ಈ ಬಗ್ಗಿದ್ದು ನಾನು," ಎಂದ ಅವನು, ಒಂದು ಕಲೆ ತೋರಿಸಿ.
ಪ್ರಿಂಟಿಗೆ ನಲವತ್ತು ರೂಪಾಯಿ ಕೊಟ್ಟೇ ಹೋದ.
ಬೇಡ ಅಂದರೂ ಮೇಜಿನ ಮೇಲಿಟ್ಟ,
ಒದ್ದೆ ನೋಟುಗಳು, ಎರಡು.

ಇವತ್ತು ಮತ್ತೆ ನಾಲ್ಕೂವರೆ.
ಕಂಬವನ್ನು ಚೌಕಟ್ಟಿನ ನಡುವಿಗೆ ತಂದು ನಿಂತಿದ್ದೇನೆ.
ಬೆಳಕು ಬಂತು, ಎಣಿಸಿಕೋ ಅಂತು.
ತಂತಿಯ ಮೇಲೆ ಕಾಗೆ.
ಹಾರಲಿ ಎಂದು
ಬೆರಳು ಇನ್ನೂ ಕಾಯುತ್ತಿದೆ.