ಎಕ್ಸ್‌ಪ್ರೆಸ್

ಕಾಳಿ ಸೇತುವೆಯಿಂದ ಹೊರಟು ಇವತ್ತಿಗೆ ಒಂಬತ್ತು ದಿನ.
ನದಿಗಳೆಲ್ಲ ಅಡ್ಡ ಓಡುತ್ತವೆ, ಕಡಲಿಗೆ.
ನಾನೊಬ್ಬ ಉದ್ದಕ್ಕೆ.
ಗಂಗಾವಳಿ, ಅಘನಾಶಿನಿ, ಶರಾವತಿ ದಾಟುವಾಗ
ಜೊತೆಗಿದ್ದದ್ದು ಬಾಳೆಹಣ್ಣಿನ ಚೀಲ ನೇತುಹಾಕಿಕೊಂಡ
ಕಂಡಕ್ಟರ್ ಹಿಲರಿಯ ಸ್ಕೂಟರು, ಅದರ ಕೆಮ್ಮು.

ಕುಂದಾಪುರದಿಂದ ಈಚೆ ನನ್ನದೇ ರಸ್ತೆ.
ಇಪ್ಪತ್ತಾರು ವರ್ಷ ಇಲ್ಲಿ ಸ್ಟೇರಿಂಗು ಹಿಡಿದವ,
ಗುಂಡಿಗಳ ಲೆಕ್ಕವನ್ನೆಲ್ಲ ಸೊಂಟದಲ್ಲಿ ಬರೆದಿಟ್ಟವ.
ಓಡಿದ್ದೂ ಖಾಕಿ ಅಂಗಿಯಲ್ಲೇ;
ಬೇರೆ ಅಂಗಿಯಲ್ಲಿ ಈ ರಸ್ತೆಗೆ ನನ್ನ ಗುರುತು ಸಿಗಲಿಕ್ಕಿಲ್ಲ.
ಆದರೂ ಉಚ್ಚಿಲದಲ್ಲಿ ಒಂದು ಬಾವಿ ಉಂಟು,
ರಸ್ತೆಯಿಂದ ಹತ್ತೇ ಮಾರು, ಕಟ್ಟೆಯ ಮೇಲೆ ಕೆಂಪು ಕೊಡ.
ನಿನ್ನೆಯೇ ಮೊದಲು ಕಂಡದ್ದು.

ಯಾಕೆ ಓಡುವುದೆಂದು ಕೇಳಿದವರಿಗೆಲ್ಲ ಒಂದೊಂದು ಹೇಳಿದೆ.
ಡಾಕ್ಟರಿಗೆ, ಸಕ್ಕರೆ ಕಾಯಿಲೆ.
ಪೇಪರಿನ ಹುಡುಗನಿಗೆ, ರಕ್ತದಾನದ ಪ್ರಚಾರ.
ಹೆಂಡತಿಗೆ, ಸುಮ್ಮನೆ, ಮನೆಯಲ್ಲಿ ಕೂತು ಏನು ಮಾಡುವುದು.
ಮೂರೂ ಸುಳ್ಳಲ್ಲ.

ಮೂಲ್ಕಿ, ಬೆಳಿಗ್ಗೆ ಆರೂಕಾಲು. ಶಾಂಭವಿಯ ಮೇಲೆ ತೆಳು ಮಂಜು.
ಸ್ಟಾಪಿನಲ್ಲಿ ನಾಲ್ಕು ಮಂದಿ, ಲುಂಗಿ ಎತ್ತಿ ಕಟ್ಟಿ.
ಹಿಲರಿ ಕಿಸೆಯಿಂದ ಹಳೆಯ ಸೀಟಿ ತೆಗೆದ.
ಒಂದು ಸೀಟಿಗೆ ನಿಂತೆ, ಕಾಲಿಗೆ ಅಭ್ಯಾಸ.
ಎರಡು ಸೀಟಿಗೆ ಹೊರಟೆ.
"ರೈಟ್, ಪೋಯಿ!"

ಹಳೆಯಂಗಡಿಯಲ್ಲಿ ಹತ್ತಿದಳು ಜೆಸಿಂತಾ,
ನೈಟ್ ಡ್ಯೂಟಿ ಮುಗಿಸಿ ಯೂನಿಫಾರ್ಮಿನಲ್ಲೇ,
ಬ್ಯಾಗಿನಲ್ಲಿ ಖಾಲಿ ಟಿಫಿನ್ನಿನ ಗಲಗಲ.
ಎಲ್ಲಿಯವರೆಗೆ? "ನಿದ್ದೆ ಬರುವವರೆಗೆ," ಅಂದಳು.

ಮುಕ್ಕದಲ್ಲಿ ಒಬ್ಬಳು ಕೈ ಅಡ್ಡ ಹಿಡಿದಳು.
ತಲೆಯ ಮೇಲೆ ಮೀನಿನ ಬುಟ್ಟಿ.
ನಿಂತೆ.
"ಈಗ ನಿಲ್ತಿಯಾ," ಅಂದಳು.
"ಆಗ ಎಷ್ಟು ಸಲ ಕೈ ತೋರಿಸಿದ್ದೆ!
ಎಕ್ಸ್‌ಪ್ರೆಸ್ ಅಂತೆ, ವಾಸನೆ ಅಂತೆ, ಹಿಂದಿನದರಲ್ಲಿ ಬಾ ಅಂತೆ."
ಹೇಳಬಹುದಿತ್ತು:
ಸ್ಟೇಟ್ ಬ್ಯಾಂಕಿನಲ್ಲಿ ಪುಸ್ತಕ ಬಿಡಿಸಿ ಕೂತ ಟೈಮ್ ಕೀಪರ್ ಉಮ್ಮರಬ್ಬ,
ಎರಡು ನಿಮಿಷ ತಪ್ಪಿದರೆ ಹಿಂದಿನ ಬಸ್ಸಿಗೆ ಹೋಗುವ ಕಲೆಕ್ಷನ್,
ಧನಿಯ ಬೈಗಳು.
ಹೇಳಲಿಲ್ಲ. ಅವಳ ಮುಖ ನನಗೆ ಗೊತ್ತಿತ್ತು,
ಎಡಗನ್ನಡಿಯಲ್ಲಿ ಸಣ್ಣಗಾಗುತ್ತ ಹೋಗುವ ಮುಖ.
ಹೆಸರು ಗೊತ್ತಿರಲಿಲ್ಲ. ಕೇಳಿದೆ.
ವಾರಿಜ.

ಬುಟ್ಟಿಗೆ ಒಂದು ಕೈ ಕೊಟ್ಟು ಓಡಿದಳು,
ನನಗಿಂತ ಜೋರು, ಕಂಬದಿಂದ ಕಂಬಕ್ಕೆ, ಮೂರು ಕಂಬ.
"ಸಾಕು ಮಾರಾಯಾ, ಬಂಗುಡೆ ಹಾಳಾಗ್ತದೆ,"
ಒಳದಾರಿಗೆ ಇಳಿದೇ ಬಿಟ್ಟಳು.
ನನ್ನ ಭುಜಕ್ಕೆ ಬಿದ್ದ ಅವಳ ಐಸಿನ ನೀರು
ಸುರತ್ಕಲ್ ಬಂದರೂ ಒಣಗಲಿಲ್ಲ.

ಅಲ್ಲಿ ಹುಡುಗರು. ಅರ್ಧ ಟಿಕೆಟಿನ ಕಾಲದಲ್ಲಿ
ಎಂಜಿನ್ ಪೆಟ್ಟಿಗೆಯ ಮೇಲೆ ಕೂರಿಸಿಕೊಂಡವರಿಗೆಲ್ಲ ಮೀಸೆ.
ಬೈಕಂಪಾಡಿಯಲ್ಲಿ ಶಿಫ್ಟು ಬಿಟ್ಟ ಇಬ್ಬರು,
ಫ್ಯಾಕ್ಟರಿ ಬೂಟು ಕಳಚಿ ಕೈಯಲ್ಲಿ ಹಿಡಿದು.
ಪಣಂಬೂರಿನಲ್ಲಿ ಯಾರು ಯಾರೋ.

ಕೂಳೂರು ಸೇತುವೆಯ ನಡುವೆ ಮೊಣಕಾಲು ಮುಷ್ಕರ ಹೂಡಿತು.
ಕಣ್ಣು ತಾನಾಗಿ ಮೇಲೆ ಹೋಯಿತು, ಎಡಕ್ಕೆ,
ಕನ್ನಡಿ ಇರುವ ಜಾಗಕ್ಕೆ.
ಅಲ್ಲಿ ಒಂದು ಗಿಡುಗ, ಅಷ್ಟೆ.
ಇಡೀ ಮೈ ತಿರುಗಿಸಿ ನೋಡಬೇಕಾಯಿತು:
ಬಸ್ಸು ಭರ್ತಿ. ಫುಟ್‌ಬೋರ್ಡಿನಲ್ಲೂ ಜನ.
"ಅರುವತ್ತಮೂರು," ಎಂದ ಹಿಲರಿ,
ತಲೆ ಎಣಿಸುವ ಚಟ ಬಿಡದೆ.
"ಪಾಸಿನವರು ಬೇರೆ."

ಕೊಟ್ಟಾರ ಚೌಕಿ. ಲಾಲ್‌ಬಾಗ್. ಹಂಪನಕಟ್ಟೆಯ ಇಳಿಜಾರು
ಯಾರ ಕಾಲು ಯಾರದೆಂದು ಗೊತ್ತಾಗದ ಹಾಗೆ.
ಸಿಟಿ ಬಸ್ಸಿನವರು ಬದಿಗೆ ಸರಿದರು.
ಆಣೆ ಹಾಕಿ ಹೇಳುತ್ತೇನೆ, ಸರಿದರು.

ಸ್ಟೇಟ್ ಬ್ಯಾಂಕ್.
ಉಮ್ಮರಬ್ಬ, ಅವನೂ ರಿಟೈರು, ಬರಿಗೈ ಮಣಿಕಟ್ಟು ನೋಡಿ ಹೇಳಿದ:
"ಹದಿನಾಲ್ಕು ನಿಮಿಷ ಲೇಟ್, ಗುರುವಣ್ಣ."
ಆಮೇಲೆ ಕಣ್ಣೊರೆಸಿಕೊಂಡ. ಬಿಸಿಲಿಗೆ, ಅಂತೆ.

ಕಟ್ಟೆಯ ಅಂಚಿಗೆ ಕೂತು ಶೂ ಬಿಚ್ಚಿದೆ. ಎರಡು ಉಗುರು ಕಪ್ಪು.
ಜೆಸಿಂತಾ ನನ್ನ ಪಕ್ಕ ಕೂತಲ್ಲೇ ನಿದ್ದೆ.
ಈ ಸುದ್ದಿಯೊಂದೂ ತಿಳಿಯದ ಒಬ್ಬ ಅಜ್ಜ
ಖಾಕಿ ಅಂಗಿ ಕಂಡು ಹತ್ತಿರ ಬಂದ:
"ಸುರತ್ಕಲ್ ಹೋಗ್ತದಾ?"

ಹೋಗ್ತದೆ, ಎಂದೆ, ಉಸಿರು ಸಿಕ್ಕಿದ ಮೇಲೆ.
ಸ್ವಲ್ಪ ಕೂತ್ಕೊಳ್ಳಿ.
ಎಲ್ಲ ಕಡೆ ನಿಲ್ತದೆ.