ಬೇಕೆಂದೇ

ದಾವೆಯ ಹನ್ನೊಂದನೇ ಪ್ಯಾರಾದಲ್ಲಿ ಆ ಪದ:
‘ಬೇಕೆಂದೇ’.
ಮಂದಣ್ಣನ ವಕೀಲರು ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದಿದ್ದಾರೆ,
ಸ್ಕೇಲಿಲ್ಲದೆ, ಸೊಟ್ಟಗೆ.

ಬೇಕೆಂದೇ ಕಡಿಸಿದ, ಬೇಕೆಂದೇ ಬೀಳಿಸಿದ
ನಲವತ್ತು ವರ್ಷದ ಸಿಲ್ವರ್ ಮರವನ್ನು
ಪಕ್ಕದವನ ಪಲ್ಪರ್ ಶೆಡ್ಡಿನ ನೆತ್ತಿಗೆ.
ಕಣದಲ್ಲಿ ಒಣಗುತ್ತಿದ್ದ ಕಾಫಿಯೊಳಗೆ
ತಗಡಿನ ಚೂರು ಇನ್ನೂ ಸಿಗುತ್ತಿದೆಯಂತೆ.

ವಿಮಾ ಕಂಪನಿಯ ಮೈಸೂರು ಕಚೇರಿ ಬರೆದದ್ದು ಒಂದೇ ಸಾಲು:
ಬೇಕೆಂದು ಮಾಡಿದ್ದಕ್ಕೆ ನಾವಿಲ್ಲ.
ನಾನು ವಿರಾಜಪೇಟೆಯಿಂದ ವಾಪಸು ಬರೆದೆ:
ಅದು ಅವರು ಹೇಳುವುದು, ಸ್ವಾಮಿ. ಆದದ್ದು ಇನ್ನೂ ಗೊತ್ತಿಲ್ಲ.
ಹೇಳಿದ್ದಕ್ಕೂ ಗೊತ್ತಾಗುವುದಕ್ಕೂ ನಡುವಿನ
ಮೂರೋ ನಾಲ್ಕೋ ವರ್ಷ
ಕಟಕಟೆಯಲ್ಲಿ ಅವನೊಬ್ಬನೇ ನಿಲ್ಲಬಾರದೆಂದೇ ಅಲ್ಲವೇ
ಪ್ರತಿ ಏಪ್ರಿಲಿಗೆ ನೀವು ಕಂತು ಕಟ್ಟಿಸಿಕೊಂಡದ್ದು?

ಒಪ್ಪಿದರು. ಹಕ್ಕು ಕಾಯ್ದಿರಿಸಿ ಒಪ್ಪಿದರು.
ಅಂದರೆ, ಕೈ ಚಾಚಿದರು
ಬೆರಳು ಎಣಿಸಿಟ್ಟುಕೊಂಡು.

ಸ್ಥಳ ನೋಡಲು ಹೋದೆ. ಬುಡದಲ್ಲಿ ಎರಡು ಕಚ್ಚು,
ಒಂದು ಇವನ ತೋಟದ ಕಡೆಗೆ, ಇನ್ನೊಂದು ಅವನ ಕಡೆಗೆ.
ಕಡಿದ ಮೊಯ್ದು ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿಕೊಂಡ:
‘ಹಗ್ಗ ಜಾರಿತು ಮೇಡಂ.
ಮರಕ್ಕೆ ಬೇಲಿ ಕಾಣುತ್ತದಾ?’

ಸಂಜೆ ಪಳಂಗಪ್ಪ ಕಚೇರಿಗೆ ಬಂದ,
ಗೋಣಿಕೊಪ್ಪ ರಸ್ತೆ, ಔಷಧಿ ಅಂಗಡಿಯ ಮಹಡಿ.
ಟೋಪಿ ಮಡಿಲಲ್ಲಿಟ್ಟು ಕೂತ. ನಾನೇನೂ ಕೇಳಿರಲಿಲ್ಲ.

‘ಇಗ್ಗುತಪ್ಪನ ಆಣೆ, ಹೇಳಿಕೊಟ್ಟಿರಲಿಲ್ಲ ನಾನು.
ಆದರೆ ಮರ ಅತ್ತ ವಾಲಿದಾಗ ಕೂಗಬಹುದಿತ್ತು.
ಹಗ್ಗದವರು ಇನ್ನೂ ಹಿಡಿದೇ ಇದ್ದರು.
ಶೆಡ್ಡಿನಲ್ಲಿ ಯಾರೂ ಇಲ್ಲವೆಂದು ನೋಡಿಕೊಂಡೆ,
ನೋಡಿಕೊಂಡು
ಸುಮ್ಮನಿದ್ದೆ.’

ಕೆಳಗೆ ಯಾರೋ ಶಟರ್ ಎಳೆದರು.
ಇದು ಯಾವ ಪ್ಯಾರಾ?
ಬೇಕೆಂದು ಮಾಡಿದ್ದಲ್ಲ,
ಬೇಡವೆಂದು ತಡೆದದ್ದೂ ಅಲ್ಲ.
ನನ್ನ ಫೀಸು ಕಂಪನಿಯದು, ನನ್ನ ಕಿವಿ ಇವನದು.
ಮೈಸೂರಿಗೆ ಒಂದು ಫೋನು ಮಾಡಿದರೆ
ನಾಳೆಯೇ ಕಡತ ಮುಚ್ಚುತ್ತಾರೆ, ಬೆನ್ನು ತಟ್ಟುತ್ತಾರೆ,
ಮುಂದಿನ ವರ್ಷವೂ ಪ್ಯಾನೆಲ್ಲಿನಲ್ಲಿ ಹೆಸರಿರುತ್ತದೆ.

ಬಿಲ್ಲಿನಲ್ಲಿ ಬರೆದೆ:
ಕಕ್ಷಿದಾರರೊಂದಿಗೆ ಸಮಾಲೋಚನೆ, ನಲವತ್ತು ನಿಮಿಷ.
ಏನೆಂದು ಕೇಳುವ ಅಂಕಣ, ಪುಣ್ಯಕ್ಕೆ, ಅದರಲ್ಲಿಲ್ಲ.

ಆಮೇಲೆ ಲಿಖಿತ ಹೇಳಿಕೆಗೆ ಕೂತೆ.
ಹನ್ನೊಂದನೇ ಪ್ಯಾರಾಕ್ಕೆ ಉತ್ತರ:
‘ವಾದಿಯೇ ರುಜುವಾತು ಮಾಡತಕ್ಕದ್ದು.’
ಸುಳ್ಳಲ್ಲ ಅದು.
ಸುಳ್ಳಲ್ಲವೆಂದು ಎರಡು ಸಲ ಓದಿಕೊಂಡೆ.
ಸ್ಕೇಲು ಕೈಯಲ್ಲೇ ಇತ್ತು.
ಅಡಿಗೆರೆ ಎಳೆಯಲಿಲ್ಲ.