ಸೂರಿಗೆ ನಾಲ್ಕು ದಿನ

ಬಕೆಟ್ಟಿನ ನೀರಲ್ಲಿ ಟ್ಯೂಬು ಅದ್ದಿ
ಕಾಯುತ್ತಿದ್ದೇನೆ, ರೂವಿಯ ಮೂರನೇ ಮಹಡಿಯ ಬಾಲ್ಕನಿಯಲ್ಲಿ,
ಗುಳ್ಳೆ ಏಳಲೆಂದು.

ಡಯಾಲಿಸಿಸ್ ವಾರ್ಡಿನಲ್ಲಿ ಹದಿನೇಳು ವರ್ಷ
ಗುಳ್ಳೆಯೆಂದರೆ ಎದೆ ಧಸಕ್ಕೆಂದಿದೆ.
ನೆತ್ತರಿನ ಕೊಳವೆಯಲ್ಲಿ ಸಾಸಿವೆಯಷ್ಟು ಗಾಳಿ ಸಿಕ್ಕರೂ
ಯಂತ್ರ ಕಿರುಚುತ್ತದೆ, ನಾನು ಓಡುತ್ತೇನೆ.
ಇಲ್ಲಿ ಬೇಡಿಕೊಳ್ಳುತ್ತಿದ್ದೇನೆ:
ಬಾ ಮಾರಾಯ್ತಿ, ಎಲ್ಲಿದ್ದೀ ತೋರಿಸು.

ಬಂತು. ವಾಲ್ವಿನಿಂದ ನಾಲ್ಕು ಬೆರಳಾಚೆ
ಮೀನುಮರಿ ಉಸಿರು ಬಿಟ್ಟ ಹಾಗೆ.
ಬಾಲ್‌ಪೆನ್ನಿನಲ್ಲಿ ಸುತ್ತು ಹಾಕಿದೆ.
ಉಜ್ಜು, ಅಂಟು ಹಚ್ಚು, ಒಣಗುವ ತನಕ ಸುಮ್ಮನಿರು:
ಹಮ್ರಿಯಾದ ರುಹುಲ್ ಅಮೀನ್ ಹೇಳಿಕೊಟ್ಟ ಪಾಠ.
'ಅವಸರ ಮಾಡಿದರೆ ಅಂಟು ಮುನಿಸಿಕೊಳ್ಳುತ್ತದೆ ಸಿಸ್ಟರ್.'
ಅವನ ಊರು ಚಿತ್ತಗಾಂಗ್, ನನ್ನದು ಕಾರ್ಕಳ,
ನಡುವೆ ಇಬ್ಬರದ್ದೂ ಮುರುಕು ಹಿಂದಿ.
ಆರು ಶುಕ್ರವಾರಗಳ ಫೀಸೆಷ್ಟು ಎಂದರೆ
ತೋಳು ಚಾಚಿದ, ಬಿ.ಪಿ. ನೋಡಿ ಎಂದು.
ನೂರೈವತ್ತು, ನೂರು. ಒಣಮೀನು ಬಿಡು ಎಂದೆ.
ನೀವು ಬಿಟ್ಟಿದ್ದೀರಾ? ಎಂದ.

ಮೊದಲು ಕಾರು ಕಲಿಯಲು ಹೋಗಿದ್ದೆ, ಸುಳ್ಳು ಯಾಕೆ.
ಡ್ರಮ್ಮುಗಳ ನಡುವೆ ಹಿಂದಕ್ಕೆ ಬಿಡುವ ಪರೀಕ್ಷೆ.
ಐದು ಸಲ ಕೂತೆ. ಪ್ರತಿ ಸಲ ಬೇರೆ ಡ್ರಮ್ಮು ಉರುಳಿತು.
ಕೊನೆಗೆ ಪೊಲೀಸಪ್ಪನಿಗೇ ನನ್ನ ಮೇಲೆ ಕನಿಕರ.
ಅಂದು ಸಂಜೆಯೇ ಸೈಕಲ್ಲು ಕೊಂಡೆ.
ಇದಕ್ಕೆ ರಿವರ್ಸ್ ಇಲ್ಲ.

ಖುರಯ್ಯಾತ್, ಫಿನ್ಸ್, ತಿವಿ, ಕಲ್ಹಾತ್, ಸೂರ್.
ತಿವಿ, ಓದುವಾಗಲೇ ಪಕ್ಕೆಗೊಂದು ಪೆಟ್ಟು.
ಸೂರ್, ಅದಕ್ಕೊಂದು ಕೊಂಬು ಕೊಟ್ಟರೆ
ನಮ್ಮ ಭಾಷೆಯಲ್ಲಿ ತಲೆಯ ಮೇಲೊಂದು ಮಾಡು.
ಬಾಡಿಗೆ ಕೋಣೆಯ ಅರ್ಧ ಕಪಾಟಿನಲ್ಲಿ
ಇಷ್ಟು ವರ್ಷ ಕಳೆದವಳಿಗೆ
ಅಷ್ಟು ದೂರ ತುಳಿಯಲು ಅಷ್ಟೇ ಕಾರಣ ಸಾಕಾಯಿತೋ ಏನೋ.

ಜೊತೆಗೆ ಯಾರು?
ಮೇಟ್ರನ್ ಕೇಳಿದರು, ದುಬೈಯಿಂದ ಅಣ್ಣ ಕೇಳಿದ,
ಒ.ಆರ್.ಎಸ್. ಪೊಟ್ಟಣ ಎಣಿಸುತ್ತ ಔಷಧದಂಗಡಿಯವ ಕೇಳಿದ.
ಯಾರೂ ಕೇಳದ್ದನ್ನು ಮೂರು ವಾರದಿಂದ ಯೋಚಿಸುತ್ತಿದ್ದೇನೆ:
ಪೊದೆಯೊಂದೂ ಇಲ್ಲದ ಆ ಜಲ್ಲಿಬಯಲಲ್ಲಿ
ಹೆಂಗಸೊಬ್ಬಳು ಎಲ್ಲಿ ಕೂರುವುದು?
ಮೋರಿಯ ಕೆಳಗೆ. ಮೋರಿ ಸಿಗದಿದ್ದರೆ ಕೊಡೆಯ ಹಿಂದೆ.
ಮಳೆಯಿಲ್ಲದ ನಾಡಿನಲ್ಲಿ ಕೊಡೆ ಯಾಕೆಂದು ಲಿಸಮ್ಮ ಹಂಗಿಸಿದಳು.
ರಾತ್ರಿ ದೀಪ ಆರಿಸಿದ ಮೇಲೆ ಹೊಳೆದಿರಬೇಕು,
ಕತ್ತಲಲ್ಲೇ ಬಿದ್ದು ಬಿದ್ದು ನಕ್ಕಳು.
ಬೆಳಿಗ್ಗೆ ನೋಡಿದರೆ ನನ್ನ ಚೀಲದ ಮೇಲೆ
ಅವಳ ದೊಡ್ಡ ಕಪ್ಪು ಕೊಡೆ.

ಚೀಲಗಳನ್ನು ವಾರ್ಡಿಗೊಯ್ದು ರೋಗಿಗಳ ತಕ್ಕಡಿಗಿಟ್ಟೆ.
ಹದಿನಾಲ್ಕು ಕಿಲೋ.
ಎರಡನೇ ಚಪ್ಪಲಿ ಹೊರಗೆ, ಇಸ್ತ್ರಿ ಮಾಡಿದ ಸಲ್ವಾರ್ ಹೊರಗೆ,
ಯಾರಾದರೂ ನೋಡಿದರೆ ಎಂಬುದಕ್ಕೆ ಇಟ್ಟಿದ್ದೆಲ್ಲ ಹೊರಗೆ.
ಹನ್ನೊಂದೂವರೆ.
ಮೈಯ ಹೆಚ್ಚುವರಿ ನೀರೆಲ್ಲ ತೆಗೆದ ಮೇಲೆ ಉಳಿಯುವುದಕ್ಕೆ
ನಾವು ಒಣತೂಕ ಅನ್ನುತ್ತೇವೆ.

ಏಳನೇ ಹಾಸಿಗೆಯಿಂದ ನೋಡುತ್ತಿದ್ದ ಹಮೂದಜ್ಜ,
ಫಿನ್ಸಿನವನು, ರಸ್ತೆ ಹುಟ್ಟುವ ಮೊದಲು
ಆ ದಂಡೆಯನ್ನು ಕತ್ತೆಯ ಜೊತೆ ನಡೆದವನು.
ಬೆಳಗಿನ ಬಾಂಗಿಗೆ ಹೊರಡು, ಹತ್ತಕ್ಕೆ ನೆರಳು ಹಿಡಿ,
ಮಧ್ಯಾಹ್ನದ ಗಾಳಿಯ ಜೊತೆ ವಾದಕ್ಕಿಳಿಯಬೇಡ, ಎಂದ.
ಸೂಜಿ ಚುಚ್ಚಿದ ಕೈ ಅಲುಗಿಸದೆ
ಇನ್ನೊಂದರಲ್ಲಿ ನನ್ನ ಬಾಟಲಿ ತಟ್ಟಿ ನೋಡಿದ.
'ನನಗೆ ದಿನಕ್ಕೆ ಒಂದೇ ಲೀಟರು, ಬರೆದವಳು ನೀನೇ.
ದಾರಿಯಲ್ಲಿ ನನ್ನ ಪಾಲಿನದ್ದನ್ನೂ ಕುಡಿ.'
ತಕ್ಕಡಿಯಿಂದ ತೆಗೆದಿದ್ದ ಮೂರನೇ ಬಾಟಲಿಯನ್ನು
ಸುಮ್ಮನೆ ಮತ್ತೆ ಸಿಕ್ಕಿಸಿದೆ.

ತೇಪೆ ಕೂತಿತು. ಗಾಳಿ ಹೊಡೆದು ಮತ್ತೆ ಅದ್ದಿದ್ದೇನೆ.
ಒಳಗಿಂದ ಲಿಸಮ್ಮ ಕೂಗುತ್ತಿದ್ದಾಳೆ,
ಯೂನಿಫಾರ್ಮು ನೆನೆಹಾಕಲು ಬಕೆಟ್ ಬೇಕಂತೆ.
ಎರಡು ನಿಮಿಷ, ಎಂದೆ.
ನೀರು ಅಲ್ಲಾಡುತ್ತಿಲ್ಲ.
ಇನ್ನೂ ನೋಡುತ್ತಿದ್ದೇನೆ.